ಅಮ್ಮನ ಕಾಯಿಲೆ ಕಾರಿಡಾರಿನ ಮಾತಲ್ಲ!

ಕನ್ನಡದ ತರುಣರೇ,

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್ ಬುಕ್ಕುಗಳ ಜತೆಗೆ ಒಂದು ಆಸ್ಪತ್ರೆಯ ಒಪ್ಪಿಗೆ ಪತ್ರವನ್ನೂ ಅಚ್ಚು ಹಾಕುತ್ತಿದ್ದೆ. ಎರಡೂ ಮಗ್ಗುಲು ಬರೀ ಇಂಗ್ಲಿಷ್! ಸಾವಿರಾರು ಹಾಳೆ ಹೊಡೆದುಕೊಟ್ಟೆ. ಇದನ್ನು ಯಾರು ಓದುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ.

ಆಮೇಲೆ ನನ್ನ ಅಕ್ಕ ಬೇರೊಂದು ಆಸ್ಪತ್ರೆ ಸೇರಿದಳು. ಅಂಥದ್ದೇ ಹಾಳೆಗೆ ಸಹಿ ಹಾಕಿದಳು. ಡಾಕ್ಟರಿಗೆ ಕನ್ನಡ ಬಾರದು, ಅಕ್ಕನಿಗೆ ಇಂಗ್ಲಿಷ್ ಬಾರದು. ನಡುವೆ ನಿಂತವನು ಅವಳ ಅಳಿಯ. ಹೆತ್ತ ಮಗಳ ಮುಂದೆಯೂ ಹೇಳಲು ಹಿಂಜರಿಯುವ ಗರ್ಭಕೋಶದ ತೊಂದರೆಯನ್ನು ಅಳಿಯನ ಬಾಯಿಂದ ಹೇಳಿಸಬೇಕಾಯಿತು! ಅಕ್ಕ ಅರ್ಧ ಮಾತು ನುಂಗಿಕೊಂಡಳು. ರಿಪೋರ್ಟು ಬಂದಾಗ ಡಾಕ್ಟರು ಕಾರಿಡಾರಿನಲ್ಲೇ ಅಳಿಯನಿಗೆ ಹೇಳಿದರು. ಸಂಜೆಯೊಳಗೆ ಬೀಗರ ಮನೆಗೆಲ್ಲ ಗೊತ್ತು. ಅಕ್ಕನಿಗೆ ತಿಳಿದದ್ದು ನಾಲ್ಕನೇ ದಿನ, ನೋಡಲು ಬಂದ ಬೀಗಿತಿಯ ಬಾಯಿಂದ!

ತಪ್ಪು ಅಳಿಯನದಲ್ಲ. ಪಾಪ, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತಿದ್ದ. ಆದರೆ ರೋಗಿಯ ಭಾಷೆ ಬಾರದ ಕಡೆ ರೋಗಿಯ ಗುಟ್ಟು ಉಳಿಯುವುದು ಹೇಗೆ? ಮೂರನೆಯವನು ನಡುವೆ ಬರಲೇಬೇಕು. ಕನ್ನಡವನ್ನು ಹೊರಗೆ ನಿಲ್ಲಿಸಿದ ಕೋಣೆಯಲ್ಲಿ ಕನ್ನಡತಿಯ ಮಾನವೂ ಹೊರಗೇ!

"ಮನೆಯವರಿಗೆ ಹೇಳದೆ ಇನ್ಯಾರಿಗೆ ಹೇಳಬೇಕು?" ಎನ್ನುತ್ತೀರಾ? ಹೇಳಲಿ. ಗಂಜಿ ಕಾಯಿಸುವವರು, ಬಿಲ್ಲು ಕಟ್ಟುವವರು ಮನೆಯವರೇ. ಆದರೆ ಯಾರಿಗೆ ಹೇಳಬೇಕೆಂದು ಮೊದಲು ರೋಗಿಯನ್ನು ಕೇಳಲಿ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಹೆಂಗಸಿನ ಗರ್ಭಕೋಶ ತೆಗೆಯಲು ಅವಳ ತಾಯಿಯಿಂದ ಪಡೆದ ಒಪ್ಪಿಗೆ ಸಿಂಧುವಲ್ಲ ಎಂದಿತು ಸುಪ್ರೀಂ ಕೋರ್ಟು. ಹೆತ್ತ ತಾಯಿಯ ಮಾತೇ ಸಾಲದೆಂದ ಮೇಲೆ ಅಳಿಯನ ಮಾತು ಸಾಕೇ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂತಲ್ಲ, ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು! ಕಂಪ್ಯೂಟರಿಗೆ ಏರುವ ವೈಯಕ್ತಿಕ ಮಾಹಿತಿಗೆ ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಇಲ್ಲವೇ ಎಂಟನೇ ಅನುಸೂಚಿಯ ಯಾವುದೇ ಭಾಷೆಯ ಆಯ್ಕೆ ಕೊಡಬೇಕೆಂದು 2023ರಲ್ಲಿ ಪಾಸಾದ ಕಾಯ್ದೆಯಲ್ಲಿ ಬರೆದಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಪುಸ್ತಕದಲ್ಲಿ ಅಚ್ಚಾದದ್ದು ಆಸ್ಪತ್ರೆಯ ಕೌಂಟರಿಗೆ ಬರಬೇಕಾದರೆ ಕೇಳುವವರು ಬೇಕು.

ಆ ಕೇಳುವವರು ನೀವು. ಆದರೆ ನೀವು ಮಾಡುತ್ತಿರುವುದೇನು? "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ನನಗೆ ಹೇಳಿ" ಎಂದು ಇಂಗ್ಲಿಷಿನಲ್ಲಿ ಪಿಸುಗುಡುವವರು ನೀವೇ ಅಲ್ಲವೇ? ಅಮ್ಮನ ಮೈ, ಅಮ್ಮನ ನೋವು. ಸುದ್ದಿ ಮಾತ್ರ ನಿಮ್ಮದೇ? ನಾಚಿಕೆಯಾಗಬೇಕು!

ನಾಳೆ ಆಸ್ಪತ್ರೆಗೆ ಹೋದಾಗ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎನ್ನಿ. ಕನ್ನಡ ಬಲ್ಲ ಡಾಕ್ಟರನ್ನೋ ನರ್ಸನ್ನೋ ಕರೆಸಿ, ಬಾಗಿಲು ಮುಚ್ಚಿ ಅಮ್ಮನಿಗೇ ಹೇಳಿ ಎನ್ನಿ. ಜೀವದ ಪ್ರಶ್ನೆ ಇದ್ದಾಗ ಚಿಕಿತ್ಸೆಗೆ ಅಡ್ಡ ನಿಲ್ಲಬೇಡಿ. ಉಳಿದಂತೆ, ಅಮ್ಮನಿಗೆ ಅರ್ಥವಾಗುವ ತನಕ ಸಹಿ ಬೇಡ.

ಆ ಹಳೆಯ ಆಸ್ಪತ್ರೆಯವರು ಮತ್ತೆ ಆರ್ಡರ್ ತಂದಾಗ, ಒಂದು ಮಗ್ಗುಲಾದರೂ ಕನ್ನಡ ಇಲ್ಲದಿದ್ದರೆ ಅಚ್ಚು ಹಾಕುವುದಿಲ್ಲ ಎಂದೆ. ಆರ್ಡರ್ ಬೇರೆ ಪ್ರೆಸ್ಸಿಗೆ ಹೋಯಿತು. ಹೋಗಲಿ! ನೀವು ನೂರು ಜನ ಕೌಂಟರಿನಲ್ಲಿ ಕನ್ನಡದ ಹಾಳೆ ಕೇಳಿದರೆ ಆ ಪ್ರೆಸ್ಸಿನವನೂ ಕನ್ನಡದಲ್ಲೇ ಹೊಡೆಯಬೇಕಾಗುತ್ತದೆ. ಕೇಳುತ್ತೀರಾ?