‘ಹೇಳಿಲ್ಲ’ ಎಂಬ ಮೂರನೆಯ ಉತ್ತರ: ಇಂಗ್ಲಿಷ್ ಪರೀಕ್ಷೆಗೆ ಓದಿನ ಅಭ್ಯಾಸ ಕುರಿತು

ನಮ್ಮಲ್ಲಿ ಇಂಗ್ಲಿಷ್ ಪರೀಕ್ಷೆಗೆ ಓದಿನ ಅಭ್ಯಾಸ ಎಂದರೆ ಒಂದೇ ಕ್ರಮ. ಪ್ರಶ್ನೆಪತ್ರಿಕೆ ಬಿಡಿಸುವುದು, ಪುಸ್ತಕದ ಹಿಂದಿನ ಪುಟದ ಉತ್ತರಗಳ ಜೊತೆ ತಾಳೆ ನೋಡುವುದು, ನಲವತ್ತಕ್ಕೆ ಎಷ್ಟು ಬಂತು ಎಂದು ಬರೆದಿಡುವುದು, ಮರುದಿನ ಇನ್ನೊಂದು ಪ್ರಶ್ನೆಪತ್ರಿಕೆ ತೆಗೆಯುವುದು. ಇದನ್ನು ಅಭ್ಯಾಸ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಇದು ದಿನಾ ನಡೆಯುವ ಪರೀಕ್ಷೆ, ಅಷ್ಟೆ. ಜ್ವರ ಬಂದವರಿಗೆ ಥರ್ಮಾಮೀಟರ್ ಎಷ್ಟು ಸಲ ಇಟ್ಟರೂ ಜ್ವರ ಇಳಿಯುವುದಿಲ್ಲ.

ನಾನು ವಿಜ್ಞಾನ ಮೆಥಡ್‌ನವಳು. ಇಂಗ್ಲಿಷ್ ಮೆಥಡ್‌ನವರ ಹೊಲದಲ್ಲಿ ನಿನಗೇನು ಕೆಲಸ ಎಂದು ಗೆಳತಿಯರು ಈಗಾಗಲೇ ಕೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ. ನನ್ನ ಚಿಕ್ಕಮ್ಮನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೋಗಲು ಐಇಎಲ್‌ಟಿಎಸ್‌ಗೆ ಓದುತ್ತಿದ್ದಾಳೆ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಈ ಪರೀಕ್ಷೆಯ ಮೂಲಕ ಬರುವವರಿಂದ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬ್ಯಾಂಡ್ ಕೇಳುತ್ತದೆ. ಅಕ್ಕನಿಗೆ ಮಾತಿನಲ್ಲಿ 7.5 ಬಂತು, ಓದಿನಲ್ಲಿ 6. ಒಂದು ಸಲ ಬರೆಯಲು ಶುಲ್ಕವೇ ಹದಿನೈದು ಸಾವಿರ ರೂಪಾಯಿ ದಾಟುತ್ತದೆ. ಬಂದ ಅಂಕ ಎರಡು ವರ್ಷಕ್ಕೆ ಮಾತ್ರ ಊರ್ಜಿತ. ತಿಂಗಳ ಸಂಬಳದಲ್ಲಿ ಮನೆಗೂ ಕಳಿಸಿ, ಸಾಲದ ಕಂತನ್ನೂ ಕಟ್ಟುವ ಹುಡುಗಿಗೆ ಇದು ಸಣ್ಣ ಮೊತ್ತವಲ್ಲ.

ಅವಳ ನೋಟ್‌ಬುಕ್ ನೋಡಿದೆ. ಮೂವತ್ತೇಳು ಪ್ರಶ್ನೆಪತ್ರಿಕೆಗಳ ಅಂಕಗಳನ್ನು ದಿನಾಂಕ ಹಾಕಿ ಬರೆದಿಟ್ಟಿದ್ದಾಳೆ. 24, 22, 25, 23, 24. ನಾಲ್ಕು ತಿಂಗಳಲ್ಲಿ ಅಂಕ ಅಲ್ಲೇ ಸುತ್ತುತ್ತಿದೆ. ಅಕಾಡೆಮಿಕ್ ಓದಿನಲ್ಲಿ 40ಕ್ಕೆ 23ರ ಆಸುಪಾಸು ಬಂದರೆ 6 ಬ್ಯಾಂಡ್, 30ರ ಆಸುಪಾಸು ಬಂದರೆ 7. ಆ ಏಳು ಪ್ರಶ್ನೆಗಳಿಗಾಗಿ ಅವಳು ಇನ್ನೂ ಐವತ್ತು ಪತ್ರಿಕೆ ಬಿಡಿಸಲು ಸಿದ್ಧಳಿದ್ದಳು. ತಪ್ಪಾದ ಉತ್ತರಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಉತ್ತರ ಬರೆದಿತ್ತು. ಏಕೆ ತಪ್ಪಾಯಿತು ಎಂದು ಒಂದು ಕಡೆಯೂ ಬರೆದಿರಲಿಲ್ಲ. ಇದಕ್ಕೆ ಅಕ್ಕನನ್ನು ದೂರುವುದು ಅನ್ಯಾಯ, ಹಾಗೆ ಬರೆಯಬೇಕೆಂದು ಅವಳಿಗೆ ಯಾರೂ ಕಲಿಸಿಲ್ಲ. ಅವಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ, ನಾವು ಬೋಧನಾಭ್ಯಾಸಕ್ಕೆ ಹೋಗುವಂಥ ಶಾಲೆಯಲ್ಲೇ ಓದಿದವಳು. ಆದ್ದರಿಂದ ಇದು ಕೋಚಿಂಗ್ ಸೆಂಟರಿನವರ ತಲೆನೋವು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಪರೀಕ್ಷೆಯ ಸ್ವರೂಪ ತಿಳಿಯದವರಿಗಾಗಿ ಎರಡು ಮಾತು. ಅಕಾಡೆಮಿಕ್ ಓದಿನ ಭಾಗದಲ್ಲಿ ಮೂರು ಗದ್ಯಗಳು, 40 ಪ್ರಶ್ನೆಗಳು, 60 ನಿಮಿಷ. ಉತ್ತರವನ್ನು ಹಾಳೆಗೆ ಇಳಿಸಲು ಬೇರೆ ಸಮಯವಿಲ್ಲ. ಪ್ರಶ್ನೆಗಳಲ್ಲಿ ಹಲವು ಬಗೆ. ಅವುಗಳಲ್ಲಿ ನಮ್ಮ ಮಕ್ಕಳನ್ನು ಹೆಚ್ಚು ಕಾಡುವುದು ಒಂದು ಹೇಳಿಕೆ ಕೊಟ್ಟು ‘ನಿಜ, ಸುಳ್ಳು, ಹೇಳಿಲ್ಲ’ ಎಂಬ ಮೂರರಲ್ಲಿ ಒಂದನ್ನು ಆರಿಸಿ ಎನ್ನುವ ಬಗೆ. ಗದ್ಯ ಆ ಹೇಳಿಕೆಯನ್ನು ಒಪ್ಪಿದರೆ ನಿಜ, ಅದಕ್ಕೆ ವಿರುದ್ಧ ಹೇಳಿದರೆ ಸುಳ್ಳು, ಎರಡೂ ಅಲ್ಲದಿದ್ದರೆ ಹೇಳಿಲ್ಲ.

ನಮ್ಮ ಶಾಲೆಗಳ ಅಪಠಿತ ಗದ್ಯದಲ್ಲಿ ಈ ಮೂರನೆಯ ಉತ್ತರಕ್ಕೆ ಜಾಗವೇ ಇಲ್ಲ. ಅಲ್ಲಿ ಕೇಳಿದ ಪ್ರಶ್ನೆಗೆಲ್ಲ ಗದ್ಯದಲ್ಲಿ ಉತ್ತರ ಇದ್ದೇ ಇರುತ್ತದೆ. ಅದೂ ಹೆಚ್ಚಾಗಿ ಪ್ರಶ್ನೆಯ ಪದಗಳಲ್ಲೇ ಇರುತ್ತದೆ. ಬೋಧನಾಭ್ಯಾಸದಲ್ಲಿ ಇಂಗ್ಲಿಷ್ ಪಾಠಗಳ ವೀಕ್ಷಣೆಗೆ ಕುಳಿತಾಗ ಗಮನಿಸಿದ್ದೇನೆ. ಪ್ರಶ್ನೆಯಲ್ಲಿ ‘ಎಲಿಫೆಂಟ್’ ಇದ್ದರೆ ಮಗು ಗದ್ಯದಲ್ಲಿ ‘ಎಲಿಫೆಂಟ್’ ಹುಡುಕಿ, ಆ ವಾಕ್ಯವನ್ನು ದೊಡ್ಡಕ್ಷರದಿಂದ ಪೂರ್ಣವಿರಾಮದವರೆಗೆ ಇಳಿಸಿಬಿಡುತ್ತದೆ. ಅರ್ಥ ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಅಂಕ ಮಾತ್ರ ಬರುತ್ತದೆ. ಐಇಎಲ್‌ಟಿಎಸ್‌ನಲ್ಲಿ ಗದ್ಯ ಒಂದು ಪದ ಬಳಸಿದರೆ ಪ್ರಶ್ನೆ ಅದೇ ಅರ್ಥದ ಬೇರೆ ಪದ ಬಳಸುತ್ತದೆ. ಅದೇ ಪದ ಎರಡೂ ಕಡೆ ಕಂಡರೆ ಕೆಲವೊಮ್ಮೆ ಅದೇ ಬಲೆ. ಹತ್ತನೇ ತರಗತಿಯಲ್ಲಿ ಅಂಕ ಕೊಟ್ಟ ಚಾಳಿ ಇಪ್ಪತ್ತೈದನೇ ವಯಸ್ಸಿನಲ್ಲಿ ಅಂಕ ಕೀಳುತ್ತದೆ.

ಇಂಟರ್ನ್‌ಶಿಪ್ಪಿನಲ್ಲಿ ಒಂಬತ್ತನೇ ತರಗತಿಯ ಬದಲಿ ಪಿರಿಯಡ್ ಒಂದು ಸಿಕ್ಕಾಗ ಇದನ್ನು ಪರೀಕ್ಷಿಸಿ ನೋಡಿದೆ. ಭಾಷೆಯ ತೊಡಕು ಬೇಡವೆಂದು ಗದ್ಯವನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿದ್ದೆ. ಕಪ್ಪುಹಲಗೆಯ ಮೇಲೆ ಬರೆದದ್ದು ಎರಡೇ ವಾಕ್ಯ: “1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯತೊಡಗಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1905ರಲ್ಲಿ.” ಕೆಳಗೆ ನಾಲ್ಕು ಹೇಳಿಕೆಗಳು. ಗಣಿಗಳಿಗೆ ವಿದ್ಯುತ್ ಬಂದ ಮೇಲೆ ಬೆಂಗಳೂರಿನ ಬೀದಿದೀಪ ಉರಿಯಿತು: ಎಲ್ಲರೂ ‘ನಿಜ’ ಎಂದರು, ಸರಿ. ಬೆಂಗಳೂರಿನ ಬೀದಿಗಳಲ್ಲಿ 1902ಕ್ಕೂ ಮೊದಲೇ ವಿದ್ಯುತ್ ದೀಪವಿತ್ತು: ‘ಸುಳ್ಳು’ ಎಂದರು, ಅದೂ ಸರಿ. ಮೂರನೆಯದು, ಕೋಲಾರದ ಗಣಿಗಳನ್ನು ನಡೆಸುತ್ತಿದ್ದವರು ಬ್ರಿಟಿಷರು. ಇಡೀ ತರಗತಿ ‘ನಿಜ’ ಎಂದಿತು. ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸಿ ಎಂದೆ. ಒಬ್ಬಳು ಎದ್ದು ನಿಂತು, “ಮಿಸ್, ಬೋರ್ಡ್ ಮೇಲೆ ಇಲ್ಲ, ಆದ್ರೆ ಅದು ನಿಜಾನೇ ಅಲ್ವಾ?” ಎಂದಳು. ನಿಜವೇ. ಆದರೆ ಆ ಗದ್ಯ ಅದನ್ನು ಹೇಳಿಲ್ಲ.

ನಾಲ್ಕನೆಯದು ಇನ್ನೂ ಸೊಗಸು. ಬೆಂಗಳೂರಿನ ದೀಪಗಳಿಗೂ ಶಿವನಸಮುದ್ರದಿಂದಲೇ ವಿದ್ಯುತ್ ಬಂತು. ಇತಿಹಾಸದಲ್ಲಿ ಇದು ನಿಜ. ಹಲಗೆಯ ಮೇಲಿದ್ದ ಎರಡು ವಾಕ್ಯಗಳು ಪಕ್ಕಪಕ್ಕದಲ್ಲಿವೆ, ಆದರೆ ಎರಡನೆಯ ವಾಕ್ಯ ವಿದ್ಯುತ್ತಿನ ಮೂಲ ಯಾವುದೆಂದು ಎಲ್ಲೂ ಹೇಳುವುದಿಲ್ಲ. ಜೋಡಿಸಿಕೊಂಡದ್ದು ನಮ್ಮ ತಲೆ. ಇದರ ಮೇಲೆ ತರಗತಿ ಎರಡು ಪಾಲಾಗಿ ವಾದಕ್ಕಿಳಿಯಿತು. ಹಿಂದಿನ ಬೆಂಚಿನ ಹುಡುಗರು, ವಿಜ್ಞಾನದ ಪಿರಿಯಡ್‌ನಲ್ಲಿ ಬಾಯಿಯೇ ಬಿಡದವರು, ಹಲಗೆಯ ಹತ್ತಿರ ಬಂದು ‘ಉರಿದದ್ದು’ ಎಂಬ ಪದದ ಮೇಲೆ ಬೆರಳಿಟ್ಟು ವಾದಿಸಿದರು. ಎರಡು ವಾಕ್ಯಕ್ಕೆ ಮೂವತ್ತು ನಿಮಿಷ ಹಿಡಿಯಿತು. ಆ ಮೂವತ್ತು ನಿಮಿಷದಲ್ಲಿ ಇನ್ನೊಂದು ಪ್ರಶ್ನೆಪತ್ರಿಕೆಯ ಅರ್ಧ ಬಿಡಿಸಬಹುದಿತ್ತು ಎನ್ನುವವರು ಇದ್ದಾರೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ.

ಬಿಎಸ್ಸಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆ ಈ ಶಿಸ್ತು ಹೊಸದಲ್ಲ. ರೆಕಾರ್ಡ್ ಪುಸ್ತಕದಲ್ಲಿ ಮೂರು ಕಾಲಂ: ಪ್ರಯೋಗ, ವೀಕ್ಷಣೆ, ತೀರ್ಮಾನ. ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಪ್ರಕ್ಷೇಪ ಬಂದರೆ ವೀಕ್ಷಣೆಯ ಕಾಲಂನಲ್ಲಿ ‘ಬಿಳಿ ಪ್ರಕ್ಷೇಪ’ ಎಂದಷ್ಟೇ ಬರೆಯಬೇಕು. ‘ಕ್ಲೋರೈಡ್ ಬಂತು’ ಎಂದು ಅಲ್ಲಿ ಬರೆದರೆ ಲ್ಯಾಬಿನಲ್ಲಿ ಬೈಗುಳ ಗ್ಯಾರಂಟಿ, ಉಪ್ಪು ಯಾವುದೆಂದು ಪಕ್ಕದವಳು ಮೊದಲೇ ಪಿಸುಗುಟ್ಟಿದ್ದರೂ ಸರಿ. ಕಂಡದ್ದು ಬೇರೆ, ಅದರಿಂದ ತಿಳಿದದ್ದು ಬೇರೆ, ಮೊದಲೇ ಗೊತ್ತಿದ್ದದ್ದು ಮತ್ತೂ ಬೇರೆ. ‘ಹೇಳಿಲ್ಲ’ ಎಂಬ ಉತ್ತರ ಕೇಳುವುದು ಇದನ್ನೇ. ಹಾಗಾಗಿ ಓದಿನ ಅಭ್ಯಾಸದಲ್ಲಿ ವಿಜ್ಞಾನದವರಿಗೂ ಪಾಲಿದೆ ಎಂಬುದು ನನ್ನ ವಾದ.

ಪ್ರಶ್ನೆ ಕೇಳುವುದನ್ನೇ ಕಲಿಸುವುದು ಎಂದು ತಿಳಿಯುವುದು ನಮ್ಮೊಬ್ಬರ ಕಾಯಿಲೆಯಲ್ಲ. ಅಮೆರಿಕದಲ್ಲಿ ಡೊಲೋರೆಸ್ ಡರ್ಕಿನ್ ಎಂಬ ಸಂಶೋಧಕಿ ನಾಲ್ಕನೇ ತರಗತಿಯ ಓದಿನ ಪಾಠಗಳಲ್ಲಿ ಕುಳಿತು ನಿಮಿಷಗಳ ಲೆಕ್ಕ ಇಟ್ಟರು. ಆ ಅಧ್ಯಯನ 1978-79ರಲ್ಲಿ ಪ್ರಕಟವಾಯಿತು. ಅವರು ಗಮನಿಸಿದ 4,469 ನಿಮಿಷಗಳಲ್ಲಿ ಅರ್ಥಗ್ರಹಿಕೆಯನ್ನು ಕಲಿಸಲು ಹೋದದ್ದು 20 ನಿಮಿಷ. ಶಿಕ್ಷಕರು ಕೆಲಸ ಕೊಡುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಉತ್ತರ ಸರಿಯೋ ತಪ್ಪೋ ನೋಡುತ್ತಿದ್ದರು. ನಮ್ಮ ಪಾಠಯೋಜನೆಯ ‘ಮೌಲ್ಯಮಾಪನ’ ಕಾಲಂ ಎಷ್ಟು ತುಂಬಿರುತ್ತದೆ, ಅದರ ಪಕ್ಕದ ಕಾಲಂ ಎಷ್ಟು ತೆಳುವಾಗಿರುತ್ತದೆ ಎಂದು ಒಮ್ಮೆ ತಿರುವಿ ನೋಡಿ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಸಮಯದ್ದು. ಗದ್ಯ ಓದಲು ಹೋಗಬೇಡಿ, ಮೊದಲು ಪ್ರಶ್ನೆ ನೋಡಿ, ಮುಖ್ಯ ಪದ ಹಿಡಿದು ಗದ್ಯದಲ್ಲಿ ಹುಡುಕಿ ಎಂದು ಅಕ್ಕನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಹೆಸರು, ಇಸವಿ ಕೇಳುವ ಪ್ರಶ್ನೆಗೆ ಈ ಉಪಾಯ ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ‘ಹೇಳಿಲ್ಲ’ ಎಂಬ ಉತ್ತರಕ್ಕೆ ನಡೆಯುವುದಿಲ್ಲ. ಗದ್ಯದಲ್ಲಿ ಇಲ್ಲದ್ದನ್ನು ಹುಡುಕಿ ಹಿಡಿಯಲು ಯಾವ ಮುಖ್ಯ ಪದವೂ ಸಿಗುವುದಿಲ್ಲವಲ್ಲ. ಲೆಕ್ಕವನ್ನೂ ಹಾಕಿ ನೋಡಿದೆವು. ಮೂರೂ ಗದ್ಯ ಸೇರಿ 2,150ರಿಂದ 2,750 ಪದಗಳಿರುತ್ತವೆ. ಅಕ್ಕನ ಓದಿನ ವೇಗ ಅಳೆದಾಗ ನಿಮಿಷಕ್ಕೆ ಸುಮಾರು 125 ಪದ ಬಂತು. 2,500 ಪದಗಳನ್ನು ಒಂದು ಸಲ ಪೂರ್ತಿ ಓದಲು 20 ನಿಮಿಷ, ಉಳಿದ 40 ನಿಮಿಷ 40 ಪ್ರಶ್ನೆಗೆ. ಬಿಗಿ ಇದೆ, ಓದಲು ಸಮಯವೇ ಇಲ್ಲ ಎನ್ನುವಷ್ಟು ಬಿಗಿ ಇಲ್ಲ. ಓದದೆ ಹುಡುಕುವವರು ಒಂದೇ ಪ್ಯಾರಾವನ್ನು ನಾಲ್ಕು ಪ್ರಶ್ನೆಗೆ ನಾಲ್ಕು ಸಲ ಜಾಲಾಡುತ್ತಾರೆ. ಸಮಯ ಹೋಗುವುದು ಅಲ್ಲಿ.

ಇನ್ನೊಂದು ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಗೊತ್ತಿರುವುದನ್ನು ಬದಿಗಿಟ್ಟು ಓದು ಎನ್ನುವುದು ಕೃತಕವಲ್ಲವೇ ಎಂದು ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಕೇಳಿದರು. ಪೂರ್ವಜ್ಞಾನ ಇಲ್ಲದೆ ಓದು ನಡೆಯುವುದಿಲ್ಲ ಎಂದು ನಮಗೆ ಮೊದಲ ಸೆಮಿಸ್ಟರಿನಿಂದ ಪಾಠ ಮಾಡಿದವರೂ ಅವರೇ. ಅವರ ಮಾತಿಗೆ ಆಧಾರವಿದೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕರು ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ನೆನಪಿಟ್ಟುಕೊಂಡು ಹೇಳಿದರು. ಕಬಡ್ಡಿಯ ವರದಿ ಕೊಟ್ಟರೆ ನಮ್ಮ ಹಿಂದಿನ ಬೆಂಚಿನವರೂ ಹಾಗೇ ಮಾಡಿಯಾರು. ಐಇಎಲ್‌ಟಿಎಸ್ ಕೂಡ 1989ರಲ್ಲಿ ಶುರುವಾದಾಗ ಅಭ್ಯರ್ಥಿಯ ವಿಷಯಕ್ಷೇತ್ರಕ್ಕೆ ಹೊಂದುವ ಬೇರೆ ಬೇರೆ ಓದಿನ ಪತ್ರಿಕೆಗಳನ್ನು ಇಟ್ಟುಕೊಂಡಿತ್ತು, 1995ರಲ್ಲಿ ಅವನ್ನು ತೆಗೆದು ಎಲ್ಲರಿಗೂ ಒಂದೇ ಮಾಡಿದರು. ವಾರ್ಡಿನಲ್ಲಿ ಔಷಧದ ಚೀಟಿ ಓದಬೇಕಾದವಳಿಗೆ ಪುರಾತತ್ವದ ಗದ್ಯ ಬರುವುದು ನನಗೂ ವಿಚಿತ್ರವೆನಿಸುತ್ತದೆ. (ಆರೋಗ್ಯ ಸಿಬ್ಬಂದಿಗೆಂದೇ ಇರುವ ಓಇಟಿ ಪರೀಕ್ಷೆಯನ್ನೂ ಬ್ರಿಟನ್ನಿನ ಕೌನ್ಸಿಲ್ ಒಪ್ಪುತ್ತದೆ, ಗೊತ್ತಿಲ್ಲದವರಿಗೆ ತಿಳಿಸಿ.)

ಹಾಗಿದ್ದರೂ ನಾನು ಹೇಳುವುದು ಇಷ್ಟು. ಪೂರ್ವಜ್ಞಾನ ಅರ್ಥ ಮಾಡಿಕೊಳ್ಳಲು ಬೇಕು, ಸಾಕ್ಷಿ ಹೇಳಲು ಬೇಡ. ಅದೇ ಔಷಧದ ಚೀಟಿಯನ್ನು ತೆಗೆದುಕೊಳ್ಳಿ. ‘ದಿನಕ್ಕೆ ಎರಡು ಬಾರಿ’ ಎಂದಿದೆ, ಊಟಕ್ಕೆ ಮೊದಲೋ ನಂತರವೋ ಎಂದಿಲ್ಲ. ಇಲ್ಲದ್ದನ್ನು ರೂಢಿಯಿಂದ ತುಂಬಿಕೊಳ್ಳುವ ನರ್ಸ್ ಒಬ್ಬರು, ‘ಇದರಲ್ಲಿ ಹೇಳಿಲ್ಲ, ಡಾಕ್ಟರನ್ನು ಕೇಳಿ ಬರುತ್ತೇನೆ’ ಎನ್ನುವವರು ಇನ್ನೊಬ್ಬರು. ನನ್ನ ಅಮ್ಮನ ಹಾಸಿಗೆಯ ಪಕ್ಕ ಎರಡನೆಯವರು ಇರಲಿ ಎಂದು ಬಯಸುತ್ತೇನೆ.

ಅಕ್ಕನ ಜೊತೆ ಈಗ ಮಾಡುತ್ತಿರುವ ಕೆಲಸ ಸರಳ. ಹೊಸ ಪತ್ರಿಕೆ ವಾರಕ್ಕೆ ಒಂದೇ, ಗಡಿಯಾರ ಇಟ್ಟುಕೊಂಡು. ಉಳಿದ ದಿನಗಳಲ್ಲಿ ಅದೇ ಪತ್ರಿಕೆಯನ್ನು ಗಡಿಯಾರವಿಲ್ಲದೆ ಮತ್ತೆ ಓದುವುದು. ಪ್ರತಿ ಉತ್ತರದ ಪಕ್ಕ ಸಾಲಿನ ಸಂಖ್ಯೆ ಬರೆಯಬೇಕು, ಸಾಲು ಸಿಗದಿದ್ದರೆ ಖಾಲಿ ಬಿಡಬೇಕು. ಸರಿಯಾದ ಉತ್ತರಕ್ಕೂ ಸಾಲು ಬೇಕು, ಊಹೆಯಿಂದ ಸರಿಯಾದದ್ದು ಸರಿಯಲ್ಲ. ಆಮೇಲೆ ಆ ಸಾಲನ್ನು ಕನ್ನಡದಲ್ಲಿ ನನಗೆ ಹೇಳಬೇಕು. ಕನ್ನಡದಲ್ಲಿ ಹೇಳಿಸುವುದಕ್ಕೆ ಕೆಲವರು ಮೂಗು ಮುರಿಯುತ್ತಾರೆ. ಆದರೆ ಅಕ್ಕನ ತಪ್ಪುಗಳಲ್ಲಿ ಒಳ್ಳೆಯ ಪಾಲು ‘ಕೆಲವು’ ಎಂದಿದ್ದನ್ನು ‘ಎಲ್ಲ’ ಎಂದು, ‘ಇರಬಹುದು’ ಎಂದಿದ್ದನ್ನು ‘ಇದೆ’ ಎಂದು ಓದಿದ್ದರಿಂದ ಆದವು. ಇಂಗ್ಲಿಷಿನಲ್ಲಿ ಕಣ್ಣು ಜಾರಿಹೋಗುತ್ತಿದ್ದ ಆ ಸಣ್ಣ ಪದಗಳು ಕನ್ನಡಕ್ಕೆ ತರುವಾಗ ಸಿಕ್ಕಿಬೀಳುತ್ತವೆ. ಅವಳ ಪರೀಕ್ಷೆ ಮುಂದಿನ ತಿಂಗಳು. ಬ್ಯಾಂಡ್ ಎಷ್ಟು ಬರುತ್ತದೋ ನಾನು ಹೇಳಲಾರೆ. ತಪ್ಪಾದಾಗ ಏಕೆ ತಪ್ಪಾಯಿತು ಎಂದು ಮಾತ್ರ ಈಗ ಅವಳೇ ಹೇಳುತ್ತಾಳೆ.

ನಮ್ಮ ಟಿಇಟಿಗೂ ಇದು ಅನ್ವಯಿಸುತ್ತದೆ. ಎರಡನೇ ಭಾಷೆಯಾಗಿ ಇಂಗ್ಲಿಷ್ ಆರಿಸಿಕೊಳ್ಳುವ ನಮ್ಮಲ್ಲಿ ಹೆಚ್ಚಿನವರು ಅದರ 30 ಅಂಕಕ್ಕೆ ಹಳೆಯ ಪತ್ರಿಕೆಗಳನ್ನು ಬಿಡಿಸುತ್ತಾ ಕುಳಿತಿದ್ದೇವೆ. ಹಾಸ್ಟೆಲಿನಲ್ಲಿ ಸಂಜೆ ನಾಲ್ಕೈದು ಮಂದಿ ಸೇರಿ ಒಂದು ಗದ್ಯಕ್ಕೆ ಅರ್ಧ ಗಂಟೆ ಕೊಟ್ಟು, ಸಾಲು ತೋರಿಸಿ ಜಗಳವಾಡಿದರೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ಮುಂದಿನ ಹಂತದ ಬೋಧನಾಭ್ಯಾಸಕ್ಕೆ ಹೋಗುವ ಸಹಪಾಠಿಗಳಲ್ಲಿ ಒಂದು ಕೋರಿಕೆ. ಇಂಗ್ಲಿಷ್ ಮೆಥಡ್‌ನವರು ಎಂಟನೇ ತರಗತಿಯ ಒಂದು ಪಾಠಯೋಜನೆಯಲ್ಲಾದರೂ ‘ಹೇಳಿಲ್ಲ’ ಎಂಬ ಉತ್ತರವಿರುವ ಎರಡು ಹೇಳಿಕೆ ಸೇರಿಸಿ. ವಿಜ್ಞಾನದವರು ಪಠ್ಯಪುಸ್ತಕದ ಒಂದು ಪ್ಯಾರಾದಿಂದ ಅಂಥದ್ದೇ ಎರಡು ಹೇಳಿಕೆ ಮಾಡಿ. ನಾನು ಮಾಡಿದ ಆರು ಗದ್ಯಗಳು, ಮೂರು ಕನ್ನಡದಲ್ಲಿ, ಮೂರು ಇಂಗ್ಲಿಷಿನಲ್ಲಿ, ವಿಜ್ಞಾನ ಮೆಥಡ್ ಕೊಠಡಿಯ ಬೀರುವಿನಲ್ಲಿ ನೀಲಿ ಫೈಲಿನಲ್ಲಿವೆ. ಬಳಸಿದವರು ಯಾವ ಹೇಳಿಕೆಯಲ್ಲಿ ತರಗತಿ ಎರಡು ಪಾಲಾಯಿತು ಎಂದು ಅದರ ಹಿಂಬದಿಯಲ್ಲಿ ಬರೆದಿಡಿ.