ಬೀರುವಿನಿಂದ ಆ್ಯಪ್‌ಗೆ
ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಬಂದಾಗಿನಿಂದ ಶಾಲೆಯ ಬೀರುಗಳಲ್ಲಿ ದೂಳು ತಿನ್ನುತ್ತಿರುವ ಮಕ್ಕಳ ಕೃತಿಸಂಪುಟಗಳು ಹೊರಬರುವುದು ಹೆಚ್ಚಾಗಿ ಸಾಹೇಬರು ತಪಾಸಣೆಗೆ ಬಂದ ದಿನ. ಈಗ ಅವನ್ನೇ ಡಿಜಿಟಲ್ ಮಾಡುವ ಮಾತು. ಒಳ್ಳೆಯದೇ. ಜೂನ್‌ನಲ್ಲಿ ತಡವರಿಸುತ್ತ ಓದಿದ ಹುಡುಗಿ ಫೆಬ್ರುವರಿಯಲ್ಲಿ ಅದೇ ಪುಟವನ್ನು ಸರಾಗವಾಗಿ ಓದಿದ್ದನ್ನು ರೆಕಾರ್ಡ್ ಮಾಡಿ ಎರಡನ್ನೂ ಒಟ್ಟಿಗೆ ಕೇಳಿಸಿದರೆ ಅವಳ ಅವ್ವನಿಗೆ ಅಂಕಪಟ್ಟಿಯೇ ಬೇಡ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಶುರುವಾದ ಮಹಾರಾ ಎಂಬ ಡಿಜಿಟಲ್ ಕೃತಿಸಂಪುಟದ ತಂತ್ರಾಂಶದಲ್ಲಿ ಯಾವ ಕೆಲಸವನ್ನು ಯಾರಿಗೆ ತೋರಿಸಬೇಕೆಂದು ವಿದ್ಯಾರ್ಥಿಯೇ ತೀರ್ಮಾನಿಸಬಹುದು, ತನ್ನ ಟಿಪ್ಪಣಿಯನ್ನೂ ಸೇರಿಸಬಹುದು. ನಮ್ಮಲ್ಲಿ ಆ ಆಯ್ಕೆಯೂ ಮೇಷ್ಟ್ರ ತಲೆಗೇ ಬಿದ್ದರೆ (ಬೀಳುವುದೇ ಹೆಚ್ಚು!) ರಾತ್ರಿ ಸರ್ವರ್ ಬಿಡುವಾದಾಗ ಕೂತು ಫೋಟೊ ಅಪ್‌ಲೋಡ್ ಮಾಡುವ ಇನ್ನೊಂದು ಜೀತವಾದೀತು. ಇಲಾಖೆ ಮೊದಲು ಕಾಗದದ ದಾಖಲೆಗಳನ್ನು ಅರ್ಧಕ್ಕಿಳಿಸಲಿ, ಆಮೇಲೆ ಆ್ಯಪ್ ಕೊಡಲಿ.