ಮೂವರೂ ಬಾಗಿಲು ಮುಟ್ಟಬೇಕಾಗಿದ್ದ ಆಟ

‘ದಿ ಲಾಸ್ಟ್ ವೈಕಿಂಗ್ಸ್’ ಎಂಬ ಕಂಪ್ಯೂಟರ್ ಆಟದ ಎರಡನೇ ಭಾಗ ಹೊರಬಿದ್ದ 1997ರಲ್ಲಿ ಬೆಂಗಳೂರಿನ ಮತ್ತಿಕೆರೆಯಲ್ಲಿ ಮನೆಗೆ ಕಂಪ್ಯೂಟರ್ ತಂದಿದ್ದವರು ಕ್ರಾಸಿಗೊಬ್ಬರೋ ಇಬ್ಬರೋ. ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿ, ಮಾನಿಟರನ್ನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದಿನಗಳು ಓದುಗರಿಗೆ ನೆನಪಿರಬೇಕು. ಮಗ ಓದಲೆಂದು ಸಾಲ ಮಾಡಿ ತಂದದ್ದು. ಸಂಜೆಯಾದರೆ ಅದರೆದುರು ಒಂದೇ ಕುರ್ಚಿ, ನಾಲ್ಕಾರು ತಲೆ. ಆ ಗುಂಪಿಗೆ ಹೇಳಿ ಮಾಡಿಸಿದಂತಿತ್ತು ಈ ಆಟ. ಓಡಿ ಜಿಗಿಯುವವನು ಎರಿಕ್, ಕತ್ತಿ ಬೀಸುವವನು ಬೇಲಿಯಾಗ್, ಗುರಾಣಿ ಹಿಡಿಯುವ ಡೊಳ್ಳುಹೊಟ್ಟೆಯವನು ಓಲಾಫ್. ಒಬ್ಬನನ್ನು ನಡೆಸುವಾಗ ಉಳಿದಿಬ್ಬರು ನಿಂತಲ್ಲೇ ನಿಂತಿರುತ್ತಾರೆ. ಓಲಾಫ್ ಗುರಾಣಿಯನ್ನು ತಲೆಯ ಮೇಲೆತ್ತಿ ಹಿಡಿದರೆ ಎರಿಕ್ ಅದರ ಮೇಲೇರಿ ಎತ್ತರದ ಕಟ್ಟೆ ಹತ್ತಬೇಕು. ಮೂವರೂ ಕೊನೆಯ ಬಾಗಿಲು ಮುಟ್ಟಬೇಕು; ಒಬ್ಬ ಸತ್ತರೂ ಹಂತ ಗೆದ್ದಂತಲ್ಲ, ಮತ್ತೆ ಮೊದಲಿನಿಂದ. ಬೆನ್ನ ಹಿಂದೆ ನಿಂತವರು “ಅಯ್ಯೋ, ಓಲಾಫ್‌ನ ಅಲ್ಲೇ ಬಿಟ್ಟೆಯಲ್ಲೋ!” ಎಂದು ಕೂಗುತ್ತಿದ್ದುದು ಅದಕ್ಕೇ.

ಮೊದಲ ಭಾಗ ಮಾಡಿದ ಸಿಲಿಕಾನ್ ಆ್ಯಂಡ್ ಸಿನಾಪ್ಸ್ ಎಂಬ ಪುಟ್ಟ ಸಂಸ್ಥೆ 1994ರಲ್ಲಿ ಬ್ಲಿಝಾರ್ಡ್ ಆಯಿತು. ಎರಡನೇ ಭಾಗಕ್ಕೆ ತೋಳಮನುಷ್ಯ ಫ್ಯಾಂಗ್, ಹಾರುವ ಡ್ರ್ಯಾಗನ್ ಸ್ಕಾರ್ಚ್ ಸೇರಿದರು. ಐವರಲ್ಲಿ ಪ್ರತಿ ಹಂತಕ್ಕೂ ಮೂವರು. ಕಂಪ್ಯೂಟರಿನ ಆವೃತ್ತಿಯನ್ನು ಆಸ್ಟ್ರೇಲಿಯಾದ ಬೀಮ್ ಸಾಫ್ಟ್‌ವೇರ್ ರೂಪಿಸಿತು. ಪಾತ್ರಗಳಿಗೆ ದನಿ ಬಂತು, ಚಿತ್ರಕ್ಕೆ ಹೊಳಪು ಬಂತು. ಆದರೆ ಕೈಯಲ್ಲಿ ಬರೆದ ಮೊದಲ ಚಿತ್ರಗಳ ತುಂಟತನ ಆ ಹೊಳಪಿನಲ್ಲಿ ಅಷ್ಟಿಷ್ಟು ಕರಗಿತೆಂದೇ ನಮ್ಮ ಅನಿಸಿಕೆ. ಗೋಡೆ ಹತ್ತುವವನೂ ಹಾರುವವನೂ ಜತೆಗಿದ್ದರೆ ಕೆಲವು ಒಗಟುಗಳು ಸಲೀಸು. ಹಳೆಯ ಮೂವರ ಇಕ್ಕಟ್ಟೇ ಹೆಚ್ಚು ರುಚಿ.

ಅದೇ 1997ರಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾಯಿತು. ಇನ್ನು ಆಟಗಳೂ ಇಲ್ಲೇ ಹುಟ್ಟುತ್ತವೆ ಎಂಬ ಭರವಸೆ ಗಾಳಿಯಲ್ಲಿತ್ತು. 2012ರಲ್ಲಿ ರಾಜ್ಯ ಸರ್ಕಾರ ಅನಿಮೇಷನ್, ಗೇಮಿಂಗ್‌ಗೆಂದೇ ನೀತಿಯೊಂದನ್ನು ತಂದಿತು. ಕೆಲಸ ಸಿಕ್ಕಿತು, ಸಂಬಳ ಸಿಕ್ಕಿತು, ಲೋಕದ ದೊಡ್ಡ ಆಟಗಳ ಕಾರು, ಕಟ್ಟಡಗಳಿಗೆ ಇಲ್ಲಿನ ಕೈ ಬಣ್ಣ ಹಚ್ಚಿತು. ಧ್ರುವ 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್‌ಗೆ, 2019ರಲ್ಲಿ ರಾಕ್‌ಸ್ಟಾರ್‌ಗೆ ಸೇರಿತು. ಅದು ಗಳಿಕೆಯೇ. ಆದರೆ ಹೆಚ್ಚಿನ ಪಾಲು ಬೇರೆಯವರ ಕಥೆಗೆ ದುಡಿದದ್ದು, ಹೆಸರೂ ಅವರದೇ.

2021ರ ಬ್ಲಿಝಾರ್ಡ್ ಆರ್ಕೇಡ್ ಸಂಗ್ರಹದಲ್ಲಿ ವೈಕಿಂಗ್ಸ್‌ನ ಎರಡೂ ಭಾಗಗಳು ಮರಳಿವೆ. ಈಗ ತಪ್ಪಿದರೆ ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಹಂತದ ಪಾಸ್‌ವರ್ಡ್ ಗೀಚಿಡುವ ನೋಟ್‌ಬುಕ್ಕಿನ ಹಂಗಿಲ್ಲ. ಮತ್ತಿಕೆರೆಯ ಪಿ.ಜಿ.ಗಳಲ್ಲಿ ಇಂದು ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪರದೆ, ಕಿವಿಯಲ್ಲಿ ಇಯರ್‌ಫೋನ್. ಪಕ್ಕದಲ್ಲಿ ನಿಂತು ತಪ್ಪು ಹೇಳುವವರು ಕಡಿಮೆ. ಮೂರನೇ ಭಾಗ ಮಾತ್ರ ಬರಲೇ ಇಲ್ಲ. ಆ ಬಗೆಯ ಆಟ ಬೇಕೆನ್ನುವವರಿಗೆ ಫಿನ್‌ಲೆಂಡಿನವರು 2009ರಲ್ಲಿ ತಂದ ‘ಟ್ರೈನ್’ ಇದೆ.